ನಿರೋಗಿಯನ್ನು ಮಾತಾಡಿಸಲು ಬಂದವರು

ಒಂದು ಡಜನ್ ಬಾಳೆಹಣ್ಣು, ಒಂದು ಗ್ಲೂಕೋಸ್ ಬಿಸ್ಕತ್ತಿನ ಪುಡಿಕೆ, ಕೈ ಕೊಂಚ ಧಾರಾಳವಾಗಿದ್ದರೆ ಎರಡು ಎಳನೀರು. ಬೈಲಹೊಂಗಲದ ಬಸ್ ನಿಲ್ದಾಣದ ಎದುರಿನ ಹಣ್ಣಿನ ಗಾಡಿಗಳ ಮುಂದೆ ನಿಂತು ಯಾರಾದರೂ ಇಷ್ಟನ್ನು ಕೊಂಡರೆಂದರೆ, ಅವರ ಕಡೆಯವರು ಯಾರೋ ದವಾಖಾನೆಯಲ್ಲಿ ಮಲಗಿದ್ದಾರೆಂದು ಗಾಡಿಯವನಿಂದ ಹಿಡಿದು ಗಾಡಿಯ ನೆರಳಿನಲ್ಲಿ ಮಲಗಿದ ನಾಯಿಯವರೆಗೆ ಎಲ್ಲರಿಗೂ ತಿಳಿಯುತ್ತದೆ. ಮಲಗಿದವರು ಯಾರು ಎಂಬುದೊಂದು ಮಾತ್ರ ಬಾಕಿ; ಅದನ್ನೂ ಗಾಡಿಯವನೇ ಕೇಳಿ ತಿಳಿದುಕೊಂಡು, ಮೇಲೊಂದು ಹಣ್ಣು ಹಾಕಿ, ತಾನೂ ಕೇಳಿದೆನೆಂದು ತಿಳಿಸಲು ಹೇಳುತ್ತಾನೆ.

ನಮ್ಮ ಸೀಮೆಯಲ್ಲಿ ಇದನ್ನು ‘ಮಾತಾಡಿಸಿ ಬರೋದು’ ಎನ್ನುತ್ತಾರೆ. ಮದುವೆಗೆ ಹೋಗದಿದ್ದರೆ ನಡೆಯುತ್ತದೆ, ಬಸುರಿಯ ಕುಬಸಕ್ಕೆ ತಪ್ಪಿಸಿದರೆ ಮುಂದಿನ ಹಬ್ಬದವರೆಗೆ ಮುನಿಸು. ಆದರೆ ಹಾಸಿಗೆ ಹಿಡಿದವರನ್ನು ಮಾತಾಡಿಸಲು ಹೋಗದಿದ್ದರೆ ಆ ಮುನಿಸು ಹೊಲಮನೆಯ ಜೊತೆಗೆ ಮೊಮ್ಮಕ್ಕಳಿಗೂ ಪಾಲಾಗಿ ಬರುತ್ತದೆ. ಮಾತಾಡಿಸುವುದಕ್ಕೂ ಒಂದು ಶಾಸ್ತ್ರವಿದೆ, ಮಿತ್ರರೇ, ನಿಮಗೂ ಗೊತ್ತಿದ್ದೀತು. ಹೋದವರು ದವಾಖಾನೆಯ ಕಾಟಿನ, ಅಂದರೆ ಮಂಚದ, ತುದಿಗೆ, ರೋಗಿಯ ಕಾಲನ್ನು ಆಚೆ ಸರಿಸಿ ಕೂಡಬೇಕು. ಎಷ್ಟು ಸೊರಗಿದೆ ಎನ್ನಬೇಕು. ಇದೇ ಜಡ್ಡು ತಮ್ಮ ಊರಿನಲ್ಲಿ ಯಾರಿಗೆ ಬಂದಿತ್ತು, ಅವರು ಎಷ್ಟು ಗಟ್ಟಿಮುಟ್ಟಾಗಿದ್ದರು, ಹೇಗೆ ಮಾತಾಡುತ್ತ ಮಾತಾಡುತ್ತಲೇ ಹೋಗಿಬಿಟ್ಟರು ಎಂಬುದನ್ನು ವಿಸ್ತಾರವಾಗಿ ಹೇಳಬೇಕು. ಕೊನೆಗೆ, ನೀನೇನೂ ಚಿಂತೆ ಮಾಡಬೇಡ ಎಂದು ಎದ್ದು ಬರಬೇಕು.

ಈ ಶಾಸ್ತ್ರದ ಪೂರ್ಣಪ್ರಯೋಗ ಒಮ್ಮೆ ನನ್ನ ಮೇಲೆ ನಡೆಯಿತು. ಆಗ ನನಗೆ ನೆಗಡಿ ಕೂಡ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಹುದ್ದೆಯ ಹೆಸರು ಕೇಳಿದರೆ ಏನೇನನ್ನೋ ಹತೋಟಿಯಲ್ಲಿ ಇಟ್ಟುಕೊಂಡವನೆಂಬ ಭ್ರಮೆ ಹುಟ್ಟುತ್ತದೆ. ಕೆಲಸ ಮಾತ್ರ ಜಾಳಿಗೆಯ ಕಿಟಕಿಯ ಹಿಂದೆ ಕುಳಿತು, ಕಿತ್ತೂರಿನ ಬಸ್ಸು ಎಲ್ಲಿ ನಿಂತಿದೆ, ಸವದತ್ತಿಯದು ಯಾಕೆ ಇನ್ನೂ ಬಂದಿಲ್ಲ, ರಾಮದುರ್ಗದ್ದು ಹೊರಡುವ ಮೊದಲು ಚಹಾಕ್ಕೆ ಹೋದ ಡ್ರೈವರ್ ಸಾಹೇಬರು ಎಲ್ಲಿದ್ದರೂ ಬರಬೇಕು ಎಂದು ಮೈಕಿನಲ್ಲಿ ಕೂಗುವುದು. ನಾಲ್ಕು ಊರಿನ ಮಂದಿಗೆ ನನ್ನ ಮುಖ ಗೊತ್ತಿರಲಿಲ್ಲ, ಧ್ವನಿ ಗೊತ್ತಿತ್ತು. ಸಂತೆಯಲ್ಲಿ ಬದನೆಕಾಯಿಯ ದರ ಕೇಳಿದರೂ ಜನ ತಿರುಗಿ ನೋಡಿ, ಬಸ್ಸು ಬಂತೇನೋ ಎಂದು ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು.

ನನ್ನ ಹೆಂಡತಿ ಗಂಗವ್ವನಿಗೆ ನರ್ಸಿನ ಕೈಕೆಳಗೆ ಕೆಲಸ ಮಾಡುವ ಸಹಾಯಕಿ ಆಗಬೇಕೆಂಬ ಆಸೆ ಹುಟ್ಟಿದ್ದು ಸೇವೆಯ ಹಂಬಲದಿಂದಲ್ಲ. ಅವಳೇ ಹಾಗೆ ಹೇಳುತ್ತಾಳೆ, ನಾನು ಮುಚ್ಚಿಡುವುದೇಕೆ? ಅಪೆಂಡಿಕ್ಸ್ ತೆಗೆಸಿಕೊಂಡು ಬೈಲಹೊಂಗಲದ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದಾಗ, ತಿಳಿನೀಲಿ ಸೀರೆಯ ಒಬ್ಬ ಸಣ್ಣ ಹುಡುಗಿ ಒಳಗೆ ಬಂದು, ಧೋತರ ರುಮಾಲಿನ ದೊಡ್ಡ ದೊಡ್ಡ ಗಂಡಸರಿಗೆ ‘ಎಲ್ಲಾರೂ ಹೊರಗ ನಡ್ರಿ’ ಎಂದಳಂತೆ. ಅವರು ನಡೆದರಂತೆ. ಹುಟ್ಟಿದಾಗಿನಿಂದ ಗಂಡಸರು ಒಳಗೆ ಬಂದರೆ ತಾನೇ ಎದ್ದು ಹೊರಗೆ ಹೋಗುತ್ತ ಬಂದ ಗಂಗವ್ವನಿಗೆ ಈ ದೃಶ್ಯ ಹೊಲಿಗೆಯ ನೋವನ್ನೂ ಮರೆಸಿತು. ಮರುವರ್ಷ ಅದೇ ನರ್ಸಿಂಗ್ ಹೋಮಿನವರು ಹೆಣ್ಣುಮಕ್ಕಳಿಗೆ ಸಹಾಯಕಿಯರ ತರಬೇತಿ ತೆರೆದು, ಪರೀಕ್ಷೆಯಲ್ಲಿ ಪಾಸಾದವರನ್ನು ಅಲ್ಲಿಯೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ ಎಂದಾಗ, ಮೊದಲು ಹೆಸರು ಹಚ್ಚಿದವಳು ಅವಳೇ.

ಅಡ್ಡಿ ಬಂದದ್ದು ಸಂಪಗಾಂವದಿಂದ. ಅಲ್ಲಿ ನನ್ನ ಅಣ್ಣ ಬಸಲಿಂಗಪ್ಪನ ಸಂಸಾರ, ನಮ್ಮ ಕೂಡುಮನೆ, ಹೊಲ, ಆಳುಕಾಳು. ವೈನಿಯ, ಅಂದರೆ ಅತ್ತಿಗೆಯ, ಮೊಣಕಾಲು ಹಿಡಿದುಕೊಂಡು, ಅಷ್ಟು ಮಂದಿಗೆ ರೊಟ್ಟಿ ಬಡಿಯುವುದು ಅವರಿಂದ ಆಗದಾಗಿತ್ತು. ಗಂಗವ್ವ ಊರಿಗೆ ಬಂದು ಒಲೆ ಹಿಡಿಯಲಿ, ನಾನು ಬೇಕಾದರೆ ಬೈಲಹೊಂಗಲದಲ್ಲಿ ಖಾನಾವಳಿಯ ಊಟ ಮಾಡಿಕೊಂಡು ಇರಲಿ, ವಾರಕ್ಕೊಮ್ಮೆ ಬಂದು ಹೋಗಲಿ ಎಂಬುದು ಅಣ್ಣನ ತೀರ್ಮಾನ. ಅವನು ಕೆಟ್ಟವನಲ್ಲ. ಅಪ್ಪ ಹೋದ ಮೇಲೆ ಓದು ಬಿಟ್ಟು ನೇಗಿಲು ಹಿಡಿದು ನನ್ನನ್ನು ಓದಿಸಿದವನು. ಅವನ ಮಾತಿಗೆ ಎದುರು ಮಾತು ನನ್ನ ಬಾಯಲ್ಲಿ ಹುಟ್ಟುವುದಿಲ್ಲ. ಕಡೆಗೆ ವೈನಿಯೇ ನಡುವೆ ಬಂದು ಒಪ್ಪಂದ ಮಾಡಿದರು: ಪರೀಕ್ಷೆ ಪಾಸಾದರೆ ಗಂಗವ್ವ ಬೈಲಹೊಂಗಲದಲ್ಲಿ ಕೆಲಸ ಮಾಡಬೇಕು, ನಪಾಸಾದರೆ ಮರುದಿನ ಸಂಪಗಾಂವದ ಬಸ್ಸು ಹತ್ತಬೇಕು. ಆ ಬಸ್ಸನ್ನು ಮೈಕಿನಲ್ಲಿ ಕೂಗುವವನು ನಾನೇ ಎಂಬುದನ್ನು ನೆನೆದು ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ.

ಈ ಒಪ್ಪಂದವೂ ಅಣ್ಣ ಮತ್ತು ಗಂಗವ್ವನ ನಡುವೆ ನೇರವಾಗಿ ನಡೆದದ್ದಲ್ಲ. ನಮ್ಮ ಮನೆಗಳಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ನಿಲ್ಲುವುದಿಲ್ಲ, ಸೆರಗು ಇಳಿಸುವುದಿಲ್ಲ, ಮಾತಾಡುವುದಿಲ್ಲ. ಹಾಗೆಂದು ಸಂಸಾರ ನಿಲ್ಲುತ್ತದೆಯೇ? ನಾವು ಕೂಡುಮನೆಯಲ್ಲಿದ್ದಾಗ ಅಣ್ಣ ಪಡಸಾಲೆಯ ಕಂಬವನ್ನು ನೋಡಿ, ಚಹಾ ಆಗಿದ್ದರೆ ಚಲೋ ಇತ್ತು ಎನ್ನುತ್ತಿದ್ದ. ಗಂಗವ್ವ ಒಳಗಿನಿಂದ ಬೆಕ್ಕಿಗೆ, ಆಗಿದೆ, ಕುದಿಯುತ್ತಿದೆ ಎನ್ನುತ್ತಿದ್ದಳು. ಕಂಬಕ್ಕೂ ಬೆಕ್ಕಿಗೂ ನಡುವೆ ಎಷ್ಟೋ ವರ್ಷ ಹೀಗೆ ಗೌರವದ ಸಂಭಾಷಣೆ ನಡೆಯಿತು. ಆ ಬೆಕ್ಕು ಸತ್ತಾಗ ನಾಲ್ಕು ದಿನ ಮನೆಯ ವ್ಯವಹಾರವೇ ಅಸ್ತವ್ಯಸ್ತವಾಗಿತ್ತು.

ತರಬೇತಿಯನ್ನು ನಡೆಸುತ್ತಿದ್ದವರು ಉಡುಪಿಯ ಕಡೆಯ ಲೀನಾ ಸಿಸ್ಟರ್. ಪುಸ್ತಕದ ಪಾಠ ಮುಗಿದು ಕೈಕೆಲಸದ ಪಾಠ ಬಂದಾಗ ಅವರಿಗೆ ಒಂದು ಪೇಚು ಎದುರಾಯಿತು. ಹಾಸಿಗೆಯಲ್ಲಿಯೇ ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಕೆಳಗಿನ ಹಾಸುಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು, ನಾಡಿ ಎಣಿಸುವುದು, ಇವನ್ನೆಲ್ಲ ಯಾರ ಮೇಲೆ ಕಲಿಯುವುದು? ನಿಜವಾದ ರೋಗಿಗಳು, ನಾವು ಕಲಿಸಲಿಕ್ಕೆ ಬಂದಿಲ್ಲ, ಗುಣವಾಗಲಿಕ್ಕೆ ಬಂದಿದ್ದೇವೆ ಎಂದರು. ಗಟ್ಟಿಯಿದ್ದ ಗಂಡಸರನ್ನು ಕೇಳಿದರೆ, ಜೀವ ಚೆನ್ನಾಗಿರುವಾಗ ದವಾಖಾನೆಯ ಕಾಟಿನ ಮೇಲೆ ಮಲಗಿದರೆ ಕಾಟು ಮುಖ ಗುರುತು ಹಿಡಿಯುತ್ತದೆ, ಆಮೇಲೆ ಕರೆಸಿಕೊಳ್ಳದೆ ಬಿಡುವುದಿಲ್ಲ ಎಂದು ಹೆದರಿ ಓಡಿದರು. ಕೊನೆಗೆ ಗಂಗವ್ವ ನನ್ನ ಕಡೆ ನೋಡಿದಳು. ನನ್ನ ರಜೆ ಬಾಕಿ ಇತ್ತು. ನೆಪ ಬಾಕಿ ಇರಲಿಲ್ಲ.

ಹೀಗೆ ಒಂದು ಸೋಮವಾರ ನಾನು ಜನರಲ್ ವಾರ್ಡಿನ ಕಿಟಕಿಯ ಪಕ್ಕದ ಕಾಟಿನ ಮೇಲೆ ಕೆಂಪು ಕಂಬಳಿ ಹೊದ್ದು ರೋಗಿಯಾದೆ. ಲೀನಾ ಸಿಸ್ಟರ್ ಅವರ ಮಂತ್ರ ಒಂದೇ: ಮೊದಲು ಹೇಳುವುದು, ಆಮೇಲೆ ಮುಟ್ಟುವುದು. ಒಳಗೆ ಬಂದವರು ನಮಸ್ಕಾರ ಹೇಳಬೇಕು, ಬಂದ ಮಂದಿಯನ್ನು ಹೊರಗೆ ಕಳಿಸಿ ಪರದೆ ಎಳೆಯಬೇಕು, ಕೈ ತೊಳೆಯಬೇಕು, ರೋಗಿಯ ಹೆಸರು ಕೇಳಿ, ಅದನ್ನು ತಾವೂ ಗಟ್ಟಿಯಾಗಿ ಹೇಳಿ, ಮಣಿಕಟ್ಟಿನ ಚೀಟಿಯ ಜೊತೆ ತಾಳೆ ನೋಡಬೇಕು, ಆಮೇಲೆ, ಈಗ ನಿಮ್ಮ ಎಡಗೈ ಎತ್ತುತ್ತೇನೆ, ಈಗ ನಿಮ್ಮ ಬೆನ್ನು ಒರೆಸುತ್ತೇನೆ ಎಂದು ಒಂದೊಂದನ್ನೂ ಮುಂಚಿತವಾಗಿ ತಿಳಿಸಿ ಮಾಡಬೇಕು. ಮಲಗಿಕೊಂಡು ನಾನು ಯೋಚಿಸಿದೆ, ಮಿತ್ರರೇ: ಹುಟ್ಟಿದಾಗ ಬೆನ್ನಿಗೆ ಹೊಡೆದು ಅಳಿಸಿದವರು ಮೊದಲು ಹೇಳಿದರೇ? ಶಾಲೆಯಲ್ಲಿ ಕಿವಿ ಹಿಂಡಿದ ಮಾಸ್ತರರು ಹೇಳಿದರೇ? ಹಿರಿಯರೆಲ್ಲ ಸೇರಿ ನನ್ನ ಮದುವೆ ಗೊತ್ತು ಮಾಡಿ ಬಂದು, ಹೊಸ ಅಂಗಿಯ ಅಳತೆ ತೆಗೆಯುವಾಗ ತಾನೇ ನನಗೆ ಸುದ್ದಿ ತಿಳಿದದ್ದು? ಇಷ್ಟು ವರ್ಷ ಬಾಳಿದ ಮೇಲೆ, ‘ನಿಮ್ಮ ಎಡಗೈಯನ್ನು ಎತ್ತಲೇನ್ರಿ’ ಎಂದು ಮನುಷ್ಯರು ನನ್ನನ್ನು ಕೇಳಿದ್ದು ಅದೇ ಮೊದಲು. ಸುಖವಾಗಿತ್ತು. ಎಲ್ಲರೂ ಸರದಿಯಲ್ಲಿ ಕುಡಿಸಿದ ಗಂಜಿ ಮಾತ್ರ ಸುಖವಾಗಿರಲಿಲ್ಲ.

ಗಂಗವ್ವನ ಕೈ ಎಲ್ಲರಿಗಿಂತ ಒರಟು. ರೊಟ್ಟಿ ಬಡಿದ ಕೈ ಅದು. ಬೆನ್ನು ಒರೆಸಿದರೆ ನನಗೆ ನಾನು ಹಿಟ್ಟೇನೋ ಎನ್ನಿಸುತ್ತಿತ್ತು. ಆದರೆ ಅದು ತಿದ್ದಿಕೊಳ್ಳುವಂಥದ್ದು, ಅವಳು ದಿನದಿನಕ್ಕೆ ತಿದ್ದಿಕೊಂಡಳು ಕೂಡ. ತಿದ್ದಲಾಗದ್ದು ಇನ್ನೊಂದು. ರೋಗಿಯ ಹೆಸರು ಹೇಳುವ ಹಂತ ಬಂದರೆ ಸಾಕು, ಅವಳ ಬಾಯಿಗೆ ಬೀಗ ಬೀಳುತ್ತಿತ್ತು. ಗಂಡನ ಹೆಸರನ್ನು ನಮ್ಮ ಹೆಂಗಸರು ಹೇಳುವುದಿಲ್ಲ, ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ. ರಾಮದುರ್ಗದಲ್ಲಿರುವ ನಮ್ಮ ರುದ್ರವ್ವ ಕಾಕಿಯ ಗಂಡನ ಹೆಸರು ಚಂದ್ರಪ್ಪ. ಆಕೆ ಆಕಾಶದಲ್ಲಿ ಮೂಡುವ ಚಂದ್ರನನ್ನು ಕೂಡ ‘ಮ್ಯಾಲಿನ ಬೆಳ್ಳಗಿನಾಂವ’ ಎಂದೇ ಕರೆಯುತ್ತಾಳೆ. ಲೀನಾ ಸಿಸ್ಟರ್ ತಲೆ ಹಿಡಿದುಕೊಂಡು, ಪರೀಕ್ಷೆಯ ದಿವಸ ಬೇರೆ ಯಾರನ್ನಾದರೂ ಮಲಗಿಸುವ, ಆಗ ತೊಂದರೆಯಿಲ್ಲ ಎಂದರು.

ಅಷ್ಟರಲ್ಲಿ ಇನ್ನೊಂದು ತೊಂದರೆ ಬಸ್ಸಿನಲ್ಲಿ ಕುಳಿತು ಹೊರಟಿತ್ತು. ಮೈಕಿನಲ್ಲಿ ನನ್ನ ಧ್ವನಿ ಇಲ್ಲದ್ದನ್ನು ಜನ ಗಮನಿಸಿದರು. ಯಾರೋ ಕೇಳಿದರು, ಅವನು ನರ್ಸಿಂಗ್ ಹೋಮಿನಲ್ಲಿದ್ದಾನೆ ಎಂದು ನನ್ನ ಜಾಗದಲ್ಲಿ ಕುಳಿತವನು ಹೇಳಿದ. ಅದು ಸತ್ಯವೇ. ಆ ಸತ್ಯ ಕಿತ್ತೂರಿನ ಬಸ್ಸಿನಲ್ಲಿ ಹೊಟ್ಟೆನೋವಾಗಿ ಹೋಯಿತು, ಸವದತ್ತಿಯ ಬಸ್ಸಿನಲ್ಲಿ ಗಂಟಲಿನ ಆಪರೇಷನ್ ಆಯಿತು, ರಾಮದುರ್ಗ ತಲುಪುವ ಹೊತ್ತಿಗೆ ನನ್ನ ಒಂದು ಕಡೆಯ ಕೈಕಾಲು ಬಿದ್ದುಹೋಗಿದ್ದವು.

ಮರುದಿನದಿಂದ ಮಾತಾಡಿಸುವವರು ಶುರುವಾದರು. ಮೊದಲು ಬಂದ ಕಿತ್ತೂರಿನ ಹೋಟೆಲಿನವರಿಗೆ ನಾನು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ: ನನಗೇನೂ ಆಗಿಲ್ಲ, ಸುಮ್ಮನೆ ಮಲಗಿದ್ದೇನೆ. ಅವರ ಕಣ್ಣಲ್ಲಿ ನೀರು ಬಂತು. ಹೊರಗೆ ಹೋಗಿ, ಪಾಪ, ಅವನಿಗೆ ಇನ್ನೂ ಹೇಳಿಲ್ಲವಂತೆ ಎಂದು ಎಲ್ಲರಿಗೂ ಹೇಳಿದರು. ಆ ಮೇಲೆ ನಾನು ಎಷ್ಟು ಆರಾಮ ಇದ್ದೇನೆಂದರೂ ಜಡ್ಡು ಅಷ್ಟಷ್ಟು ಭಾರಿಯಾಗುತ್ತ ಹೋಯಿತು. ಎದ್ದು ಕುಳಿತರೆ, ದೀಪ ಆರುವ ಮೊದಲು ಹೀಗೇ ಎಂಬ ನೋಟ. ಮಲಗಿದರೆ, ನೋಡಿ ಏಳಲಿಕ್ಕೂ ಆಗುವುದಿಲ್ಲ ಎಂಬ ನೋಟ. ಹೊಲದ ಕೆಲಸ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದವರ ಮುಂದೆ ಗಟ್ಟಿಯಾಗಿರುವುದು ಮರ್ಯಾದೆಯೂ ಅಲ್ಲವೆಂದು ನನಗೇ ಅನ್ನಿಸತೊಡಗಿತು. ಸಣ್ಣಗೆ ನರಳುವುದನ್ನು ಕಲಿತೆ. ಬಂದವರಿಗೆ ಸಮಾಧಾನವಾಯಿತು. ಕಾಟಿನ ಕೆಳಗೆ ಬಾಳೆಹಣ್ಣಿನ ರಾಶಿ ಬೆಳೆದು, ಇಡೀ ವಾರ್ಡಿಗೆ ಹಂಚಿದರೂ ಮುಗಿಯಲಿಲ್ಲ.

ಪರೀಕ್ಷೆಯ ದಿನ ಬಂತು. ಮಲಗಲು ಒಪ್ಪಿದ್ದ ವಾರ್ಡಿನ ಜವಾನನನ್ನು ಅವನ ತಾಯಿ, ಕಾಟು ಗುರುತು ಹಿಡಿದೀತೆಂದು ಹೆದರಿ, ಮನೆಯಲ್ಲಿ ಕೂಡಿಹಾಕಿದ್ದಳು. ಲೀನಾ ಸಿಸ್ಟರ್ ಬೇರೆ ದಾರಿಯಿಲ್ಲದೆ ನನ್ನನ್ನೇ ಮಲಗಿಸಿ, ನೀವು ಗಂಗವ್ವನ ಗಂಡ ಎಂದು ಬಾಯಿ ಬಿಡಬೇಡಿ, ಪರೀಕ್ಷಕರಿಗೆ ಹುಡುಗಿಯರ ಪರಿಚಯವಿಲ್ಲದ ರೋಗಿಯೇ ಬೇಕು ಎಂದು ಕಿವಿಯಲ್ಲಿ ಹೇಳಿದರು. ಪರೀಕ್ಷಕರು ಮೈಸೂರಿನ ಕಡೆಯ ಡಾಕ್ಟರು, ನಮ್ಮ ಕಡೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅವರು ಒಳಗೆ ಕಾಲಿಡುವುದಕ್ಕೂ ರಾಮದುರ್ಗದಿಂದ ರುದ್ರವ್ವ ಕಾಕಿ ಅರ್ಧ ಡಜನ್ ಹೆಂಗಸರನ್ನು ಕಟ್ಟಿಕೊಂಡು ಬರುವುದಕ್ಕೂ ಸರಿಹೋಯಿತು. ಅವರ ಹಿಂದೆ, ಎಳನೀರು ಹಿಡಿದು, ರುಮಾಲು ಸುತ್ತಿಕೊಂಡು, ಮುಖ ಕಪ್ಪಿಟ್ಟುಕೊಂಡು ಬಂದವನು ನನ್ನ ಅಣ್ಣ. ನನಗೆ ಲಕ್ವ ಹೊಡೆದಿದೆ ಎಂಬ ಸುದ್ದಿ ಅವನಿಗೆ ಆ ದಿನ ಮುಂಜಾನೆ ಮುಟ್ಟಿತ್ತಂತೆ. ಕಾಟಿನ ಬಳಿ ನಿಂತು ಅವನು ನನ್ನ ಕಾಲನ್ನು ಮುಟ್ಟಿ ಮುಟ್ಟಿ ನೋಡಿದ. ನಾನು ಕಾಲು ಅಲುಗಿಸಿ ತೋರಿಸುವಷ್ಟರಲ್ಲಿ ಲೀನಾ ಸಿಸ್ಟರ್ ಗಂಗವ್ವನ ಹೆಸರು ಕೂಗಿದರು.

ಗಂಗವ್ವ ಬಂದಳು. ಎದುರಿಗೆ ಭಾವನನ್ನು ಕಂಡು ಸೆರಗು ತಲೆಯ ಮೇಲೆ ತಾನಾಗಿಯೇ ಏರಿತು. ನಮಸ್ಕಾರ ಹೇಳಿದಳು. ಮುಂದಿನ ಹಂತ, ಮಂದಿಯನ್ನು ಹೊರಗೆ ಕಳಿಸುವುದು. ಯಾವ ಮಾತಿನ ಆಸೆಗೆ ಅವಳು ಈ ತರಬೇತಿಗೆ ಸೇರಿದ್ದಳೋ ಆ ಮಾತನ್ನು ಈಗ ಭಾವನ ಎದುರಿಗೆ ಆಡುವಂತಿರಲಿಲ್ಲ. ಪಕ್ಕದಲ್ಲಿದ್ದ ಸಲಾಯಿನ್ ಸ್ಟ್ಯಾಂಡಿನ ಕಡೆ ತಿರುಗಿ, ಎಲ್ಲರೂ ಹೊರಗೆ ನಡೆದರೆ ಚಲೋ ಆಗುತ್ತದೆ ಎಂದು ಅದಕ್ಕೆ ವಿನಯದಿಂದ ಹೇಳಿದಳು. ಕಂಬದ ಭಾಷೆಯಲ್ಲಿ ಪಳಗಿದ ಅಣ್ಣ ತಕ್ಷಣ ಅರ್ಥ ಮಾಡಿಕೊಂಡು ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತ. ಹೆಂಗಸರು ಬಾಗಿಲಾಚೆಗೆ ಹೋಗಿ ಬಾಗಿಲಲ್ಲಿಯೇ ನಿಂತರು.

ಪರದೆ ಎಳೆದಾಯಿತು, ಕೈ ತೊಳೆದಾಯಿತು. ಹೆಸರು ಕೇಳಿದಳು, ಹೇಳಿದೆ. ಇನ್ನು ಅವಳು ಹೇಳಬೇಕು. ಪರೀಕ್ಷಕರು ಪೆನ್ನು ಹಿಡಿದು ಕಾಯುತ್ತಿದ್ದರು. ಸಂಪಗಾಂವದ ಒಲೆಯ ಹೊಗೆ ನನಗೆ ಅಲ್ಲಿಯೇ ಮೂಗಿಗೆ ಬಂದಂತಾಯಿತು. ಆಗ ಅವಳು ಕಣ್ಣು ಮುಚ್ಚಿ, ನಮ್ಮ ಕಡೆ ಮದುಮಗಳು ಹೊಸ್ತಿಲಲ್ಲಿ ಗಂಡನ ಹೆಸರು ಹೇಳಲೇಬೇಕಾದಾಗ ಯಾವ ದಾರಿ ಹಿಡಿಯುತ್ತಾಳೋ ಆ ದಾರಿಯನ್ನೇ ಹಿಡಿದಳು. ಹೆಸರನ್ನು ಪ್ರಾಸದ ಪದ್ಯದಲ್ಲಿ ಹೆಣೆದು ಒಡಪು ಹಾಕಿದಳು.

“ಮಲಪ್ರಭಾ ಹೊಳಿ ನೀರು ತುಂಬಿ ತಂದೇನಿ ಬಿಂದಿಗಿ,
ಈರಪ್ಪನವರ ನಾಡಿ ಹಿಡದೇನಿ, ಪಾಸ್ ಮಾಡ್ರಿ ಇಂದಿಗಿ.”

ಒಡಪಿನೊಳಗೆ ಬಂದ ಹೆಸರಿಗೆ ದೋಷವಿಲ್ಲ, ಆಯುಷ್ಯಕ್ಕೆ ಧಕ್ಕೆಯಿಲ್ಲ. ಅವಳ ಕೈ ಹಗುರಾಯಿತು. ನಾಡಿ ಎಣಿಸಿದಳು, ಬೆನ್ನು ಒರೆಸಿದಳು, ಹಾಸು ಬದಲಿಸಿದಳು. ಆದರೆ ಒಡಪು ಕೇಳಿದ ಮೇಲೆ ನಮ್ಮ ಹೆಂಗಸರು ಸುಮ್ಮನಿರುವುದುಂಟೇ? ಬಾಗಿಲಲ್ಲಿ ರುದ್ರವ್ವ ಕಾಕಿ ಲಕ್ವದ ರೋಗಿಯನ್ನು ಮರೆತು ತಾನೂ ಒಂದು ಹಾಕಿ, ಚಂದ್ರನಿಗೂ ಕೊಡದ ಹೆಸರನ್ನು ವಾರ್ಡಿನ ನಡುವೆ ಘಂಟಾಘೋಷವಾಗಿ ಹೇಳಿದಳು. ಹಿಂದಿನವಳು ಮತ್ತೊಂದು ಹಾಕಿದಳು. ಆಚೆಯ ಕಾಟಿನ ಬಾಣಂತಿ, ಹಸುಗೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೇ, ನಾಚುತ್ತ ಇನ್ನೊಂದು ಹಾಕಿದಳು.

ಪರೀಕ್ಷಕರು ಬೆರಗಾಗಿ ನೋಡಿದರು. ಇದು ರೋಗಿಯ ಭಯ ಕಳೆಯಲು ಇಲ್ಲಿ ಕಲಿಸುವ ವಿಧಾನವೆಂದು ಅವರು ತಿಳಿದಂತಿತ್ತು. ಲೀನಾ ಸಿಸ್ಟರ್ ಅವರಿಗೂ ಒಡಪಿನ ಗಂಧ ಗೊತ್ತಿರಲಿಲ್ಲ, ಸುಮ್ಮನೆ ತಲೆಯಾಡಿಸಿದರು. ಬಹಳ ಚೆನ್ನಾಗಿದೆ, ಇಂಥದ್ದನ್ನು ನಾನು ಎಲ್ಲಿಯೂ ನೋಡಿಲ್ಲ ಎಂದು ಹೊಗಳಿ, ಗಂಗವ್ವನನ್ನು ಪಾಸು ಮಾಡಿ, ಪರೀಕ್ಷಕರು ಮುಂದಿನವಳನ್ನು ಕರೆದರು. ಆಕೆ ಕಸ್ತೂರಿ, ಇನ್ನೂ ಮದುವೆಯಾಗದ ಹುಡುಗಿ, ಸವದತ್ತಿಯ ಕಡೆ ವರ ಗೊತ್ತಾಗುವುದರಲ್ಲಿದ್ದ. ಆಕೆ ನನ್ನ ಹೆಸರು ಕೇಳಿ, ‘ಈರಪ್ಪ’ ಎಂದು ನೆಟ್ಟಗೆ ಹೇಳಿದಳು. ಪರೀಕ್ಷಕರು ತೃಪ್ತರಾಗಲಿಲ್ಲ.

“ಹಾಗಲ್ಲಮ್ಮ, ಅವರು ಹೇಳಿದ ಹಾಗೆ ಪದ್ಯದಲ್ಲಿ ಹೇಳಿ,” ಎಂದರು.

ಕಸ್ತೂರಿಯ ಮುಖ ಬಿಳಿಚಿತು. ನನ್ನದೂ. ಒಡಪಿನಲ್ಲಿ ಯಾರ ಹೆಸರು ಹೇಳಿದರೋ ಅವನು ಗಂಡ. ಅದಕ್ಕೆ ಎರಡನೆಯ ಅರ್ಥ ನಮ್ಮ ನಾಡಿನಲ್ಲಿಲ್ಲ. ಬಾಗಿಲಲ್ಲಿ ಅಷ್ಟು ಮಂದಿ ಹೆಂಗಸರು, ಸವದತ್ತಿಯ ಮೇಲೆಯೇ ಹಾದು ರಾಮದುರ್ಗಕ್ಕೆ ಹೋಗುವವರು. ಹುಡುಗಿ ಹೇಳಿದರೆ ಮದುವೆ ಮುರಿಯುತ್ತದೆ, ಹೇಳದಿದ್ದರೆ ಪರೀಕ್ಷೆ ಹೋಗುತ್ತದೆ. ಆಕೆ ಅಳಲು ಶುರು ಮಾಡಿದಳು. ಪರೀಕ್ಷಕರು, ಹೆದರಬೇಡಿ, ಎರಡೇ ಸಾಲು ಸಾಕು ಎಂದು ಪ್ರೋತ್ಸಾಹಿಸಿದರು.

ಗಂಗವ್ವ ಗೋಡೆಯ ಬಳಿ ನಿಂತಿದ್ದಳು. ಅವಳ ಪಾಸು ಆಗಿಹೋಗಿತ್ತು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಅವಳು ನನ್ನನ್ನು ನೋಡಿದಳು, ಅಳುವ ಹುಡುಗಿಯನ್ನು ನೋಡಿದಳು, ಮುಂದೆ ಬಂದಳು.

“ಅಕಿಗೆ ಹೇಳಾಕ ಬರೂದಿಲ್ರೀ ಸಾಹೇಬ್ರ. ಅದನ್ನ ಹೇಣ್ತಿ ಅಷ್ಟ ಹೇಳೂದು. ಇವ್ರು ನಮ್ಮ ಮನ್ಯಾವ್ರು.”

ಲೀನಾ ಸಿಸ್ಟರ್ ಕಣ್ಣು ಮುಚ್ಚಿಕೊಂಡರು. ಪರೀಕ್ಷಕರು ಎಲ್ಲವನ್ನೂ ಒಂದೊಂದಾಗಿ ಕೇಳಿ ತಿಳಿದುಕೊಂಡರು: ಇವನು ಗಂಡ, ಇವನಿಗೆ ರೋಗವಿಲ್ಲ, ವಾರದಿಂದ ಇವನ ಮೇಲೆಯೇ ಅಭ್ಯಾಸ ನಡೆದಿದೆ. ಅದಕ್ಕೇ ಈ ಮನುಷ್ಯ ಹೇಳುವ ಮೊದಲೇ ಮಗ್ಗುಲು ತಿರುಗುತ್ತಿದ್ದ ಎಂದರು. ಅವರಿಗಿಂತ ಹೆಚ್ಚು ನೊಂದವಳು ರುದ್ರವ್ವ ಕಾಕಿ. ಹಾಗಾದರೆ ನಿನಗೆ ಏನೂ ಆಗಿಲ್ಲವೇನೋ ಎಂದು ಒಳಗೇ ಬಂದು ಕೇಳಿದಳು; ಕಡೆಯ ಪಕ್ಷ ಜ್ವರವಾದರೂ ಇರಬಾರದೇ, ಶೇಂಗಾ ಬಿಡಿಸುವುದು ಬಿಟ್ಟು ಬಂದಿದ್ದೇವಲ್ಲ ಎಂದು ಬಾಳೆಹಣ್ಣಿನ ಗೊನೆಯನ್ನು ವಾಪಸು ಎತ್ತಿಕೊಂಡಳು. ಕ್ಷಮಿಸು ಎಂದು ಕೇಳುವುದನ್ನು ಬಿಟ್ಟು ನನಗೆ ಬೇರೆ ಉಪಾಯ ತೋಚಲಿಲ್ಲ. ಗಟ್ಟಿಯಿದ್ದುದಕ್ಕೆ ನಾನು ಕ್ಷಮೆ ಕೇಳಿದೆ.

ಪರೀಕ್ಷಕರು ಕಸ್ತೂರಿಯನ್ನು ಪದ್ಯದಿಂದ ಬಿಡುಗಡೆ ಮಾಡಿದರು. ಆದರೆ ಗಂಗವ್ವ ಗಂಡನ ಮೇಲೆ ಕೊಟ್ಟ ಪರೀಕ್ಷೆ ನಡೆಯುವುದಿಲ್ಲ, ಪರಿಚಯವಿಲ್ಲದ ಹೊಸಬರೊಬ್ಬರು ಮಲಗಿದರೆ ಇನ್ನೊಂದು ಅವಕಾಶ, ಇಲ್ಲದಿದ್ದರೆ ನಪಾಸು ಎಂದರು. ಈ ಮಾತು ಬಿದ್ದದ್ದೇ ತಡ, ಹೊರಗಿನ ಪಡಸಾಲೆಯಲ್ಲಿದ್ದ ಗಂಡಸರು ಒಬ್ಬೊಬ್ಬರಾಗಿ ಚಹಾಕ್ಕೆ ಹೋದರು. ಬೆಂಚಿನ ಮೇಲೆ ಉಳಿದವನು ಒಬ್ಬನೇ, ಎಳನೀರನ್ನು ತೊಡೆಯ ಮೇಲಿಟ್ಟುಕೊಂಡು, ಸಿಟ್ಟಿನಿಂದ ಕೆಂಪಾಗಿದ್ದ ನನ್ನ ಅಣ್ಣ. ಪರೀಕ್ಷಕರು ಅವನನ್ನು ತೋರಿಸಿ, ಇವರು ನಿಮಗೆ ಪರಿಚಯವೇ ಎಂದು ಕೇಳಿದರು. ಗಂಗವ್ವ ಈಗಲೂ ಸುಳ್ಳು ಹೇಳಲಿಲ್ಲ. ಭಾವ ಆಗಬೇಕು, ಮದುವೆಯಾದಾಗಿನಿಂದ ಬಲ್ಲೆ, ಆದರೆ ಒಂದು ದಿನವೂ ಮಾತಾಡಿಲ್ಲ, ಮುಖ ನೆಟ್ಟಗೆ ನೋಡಿಲ್ಲ ಎಂದಳು.

“ಇಷ್ಟು ವರ್ಷ ಒಂದು ಮಾತೂ ಇಲ್ಲವೇ?” ಪರೀಕ್ಷಕರು ಮತ್ತೆ ಪೆನ್ನು ತೆಗೆದರು. “ಹಾಗಾದರೆ ಅಪರಿಚಿತರೇ ಆಯಿತಲ್ಲ.”

ನಾನು ನಗಬೇಕೋ ಅಳಬೇಕೋ ತಿಳಿಯದೆ ಕಂಬಳಿಯನ್ನು ಕಚ್ಚಿದೆ. ಎಂಥ ಮಾತು, ಮಿತ್ರರೇ. ಒಂದೇ ಒಲೆಯ ಅನ್ನ ಉಂಡ ಇಬ್ಬರು ಅಪರಿಚಿತರೆಂದು ಪರವೂರಿನವರೊಬ್ಬರು ಬಂದು ತೀರ್ಪು ಕೊಡಬೇಕಾಯಿತು. ಈಗ ಎಲ್ಲವೂ ಅಣ್ಣನ ಕೈಯಲ್ಲಿತ್ತು. ಅವನು ಒಲ್ಲೆ ಎಂದು ತಲೆಯಾಡಿಸಿದರೆ ಸಾಕು, ನಾಳೆಯಿಂದ ಅವನ ಮನೆಯ ಒಲೆಗೆ ಗಂಗವ್ವ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಕಾಟಿನಿಂದ ಇಳಿದು ಅವನ ಮುಂದೆ ನಿಂತೆ. ಅಣ್ಣ ನನ್ನ ಕಾಲನ್ನೇ ನೋಡುತ್ತಿದ್ದ. ಲಕ್ವ ಹೊಡೆದಿದೆ ಎಂದು ಕೇಳಿ ಬಂದಿದ್ದ ಆ ಕಾಲು ನೆಲದ ಮೇಲೆ ಗಟ್ಟಿಯಾಗಿ ನಿಂತಿತ್ತು. ಅವನ ಮುಖದ ಸಿಟ್ಟು ಎಲ್ಲಿಗೋ ಇಳಿದು ಹೋಯಿತು. ಎಳನೀರನ್ನು ನನ್ನ ಕೈಗೆ ಕೊಟ್ಟು ಎದ್ದ.

“ರುಮಾಲ ತಗೀಬೇಕೇನ್ರಿ?” ಎಂದು ಪರೀಕ್ಷಕರನ್ನು ಕೇಳಿದ.

ಬೇಕಿಲ್ಲ ಎಂದರು. ಅಣ್ಣ ರುಮಾಲಿನ ಸಮೇತ ಕಾಟಿನ ಮೇಲೆ ಮಲಗಿ, ತಲೆಯ ಮೇಲಿನ ಮಾಳಿಗೆಯನ್ನು ನೋಡುತ್ತ, ಎರಡೂ ಕೈಯನ್ನು ಮೈಗೆ ಹತ್ತಿಸಿಕೊಂಡ. ಗಂಗವ್ವ ಮತ್ತೆ ಒಳಗೆ ಬಂದಳು. ಹಂತವೆಲ್ಲ ಮೊದಲಿನಿಂದ. ಈ ಸಲ ಅವಳು ಸಲಾಯಿನ್ ಸ್ಟ್ಯಾಂಡನ್ನು ನೋಡಲಿಲ್ಲ. ಬಾಗಿಲಿನ ಕಡೆ ತಿರುಗಿ, ನನ್ನನ್ನೂ ಕಾಕಿಯನ್ನೂ ಸೇರಿಸಿ, ‘ಎಲ್ಲಾರೂ ಹೊರಗ ನಡ್ರಿ’ ಎಂದಳು. ನಡೆದೆವು. ಪರದೆ ಎಳೆದರೂ ಬಟ್ಟೆ ಗಿಡ್ಡವಾಗಿದ್ದರಿಂದ ನನಗೆ ಅರ್ಧ ಕಾಣುತ್ತಿತ್ತು, ಪೂರ್ತಿ ಕೇಳುತ್ತಿತ್ತು.

ಹೆಸರು ಕೇಳಿದಳು. ಬಸಲಿಂಗಪ್ಪ ಎಂದ. ಭಾವನ ಹೆಸರಿಗೆ ಒಡಪು ಇಲ್ಲ. ಅದನ್ನು ಹೇಳುವ ದಾರಿಯನ್ನೇ ನಮ್ಮ ಹಿರಿಯರು ಕಟ್ಟಿಲ್ಲ. ಗಂಗವ್ವ ಸಣ್ಣಗೆ, ಒಂದೊಂದೇ ಅಕ್ಷರ ಬಿಡಿಸಿ, ‘ಬಸಲಿಂಗಪ್ಪನವರ’ ಎಂದಳು. ಅಣ್ಣ ‘ಹೂಂ’ ಎಂದ. ಮಾಳಿಗೆ ಬೀಳಲಿಲ್ಲ.

“ರುಮಾಲ ತಗದ ಇಡ್ತೇನ್ರಿ, ಭಾವಾರ. ಮಲಗಿದಾಗ ತಲಿ ಒತ್ತತೈತಿ.”

ಅದು ಪಾಠದಲ್ಲಿ ಇರಲಿಲ್ಲ. ಬೇಕಿಲ್ಲವೆಂದು ಪರೀಕ್ಷಕರೇ ಹೇಳಿದ್ದರು. ಅವಳು ಎರಡೂ ಕೈಯಿಂದ ರುಮಾಲು ತೆಗೆದು, ಕಾಟಿನ ತಲೆಕಡೆಯ ಎತ್ತರದ ಮೇಜಿನ ಮೇಲೆ ಇಟ್ಟಳು. ರುಮಾಲು ಇಲ್ಲದ ಅಣ್ಣನ ತಲೆಯನ್ನು ನಾನು ಎಷ್ಟೋ ವರ್ಷದ ಮೇಲೆ ನೋಡಿದೆ, ಪೂರ್ತಿ ಬೆಳ್ಳಗಾಗಿತ್ತು. ಈಗ ನಿಮ್ಮ ಕೈ ಹಿಡಿಯುತ್ತೇನೆ ಎಂದು ಹೇಳಿ ನಾಡಿ ಹಿಡಿದಳು. ಈಗ ನಿಮ್ಮ ಕಾಲು ಒರೆಸುತ್ತೇನೆ ಎಂದು ಹೇಳಿ, ಬಿಸಿನೀರಿನ ಬಟ್ಟೆಯಿಂದ, ಹೊಲದ ಮಣ್ಣು ಕೂತು ಒಡೆದ ಆ ಹಿಮ್ಮಡಿಗಳನ್ನು ಒರೆಸಿದಳು. ನನ್ನ ಬೆನ್ನಿನ ಮೇಲೆ ರೊಟ್ಟಿ ಬಡಿದಿದ್ದ ಕೈ ಅಲ್ಲಿ ಯಾಕೆ ಅಷ್ಟು ಮೆತ್ತಗಾಯಿತೋ ಎಂದು ನನಗೆ ಹೊಟ್ಟೆಕಿಚ್ಚಾಯಿತು. ಮೊದಮೊದಲು ಅಣ್ಣ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಆಮೇಲೆ ಎಳೆಯಲಿಲ್ಲ. ಆಮೇಲೆ ಪರದೆಯ ಒಳಗಿನಿಂದ ಒಂದು ಸಣ್ಣ ಗೊರಕೆ ಕೇಳಿಬಂತು.

ಕೊನೆಯ ಹಂತ, ಆರೈಕೆ ಹೇಗಿತ್ತೆಂದು ರೋಗಿಯನ್ನು ಕೇಳುವುದು. ಪರೀಕ್ಷಕರು ಬಾಗಿ ಕೇಳಿದರು, ಗೊರಕೆ ದೊಡ್ಡದಾಯಿತು. ಎಬ್ಬಿಸಲೇ ಎಂದು ಲೀನಾ ಸಿಸ್ಟರ್ ಮುಂದಾದರು. ಗಂಗವ್ವ ಬೇಡವೆಂದು ಕೈ ತೋರಿಸಿದಳು. ಪರೀಕ್ಷಕರು ಪಾಸು ಎಂದು ಬರೆದು, ಪೆನ್ನು ಮುಚ್ಚಿ, ಕಾಲಿನ ಸಪ್ಪಳವಾಗದಂತೆ ಹೊರಗೆ ಹೋದರು.

ಅಣ್ಣ ಎದ್ದದ್ದು ಇಳಿಹೊತ್ತಿಗೆ. ಅಷ್ಟು ಹೊತ್ತೂ ರುದ್ರವ್ವ ಕಾಕಿ ಸಿಟ್ಟು ಮರೆತು ಅವನ ಕಾಲ ಬಳಿ ಕುಳಿತಿದ್ದಳು. ಕಾಟಿನ ಮೇಲೆ ಯಾರೋ ಒಬ್ಬರು ಮಲಗಿದ್ದಾರಲ್ಲ, ಬಂದದ್ದು ವ್ಯರ್ಥವಾಗಲಿಲ್ಲ ಎಂದು ಬಾಳೆಹಣ್ಣನ್ನೂ ಅವನ ದಿಂಬಿನ ಹತ್ತಿರ ಇಟ್ಟಿದ್ದಳು. ಅಣ್ಣ ಎದ್ದು ಕುಳಿತು ತಲೆ ಮುಟ್ಟಿಕೊಂಡ. ಗಂಗವ್ವ ರುಮಾಲನ್ನು ಎರಡು ಕೈಯಲ್ಲಿ ಹಿಡಿದು ಮುಂದೆ ಬಂದಳು. ಅವನು ಸುತ್ತಿಕೊಂಡ, ಎದ್ದು ನಿಂತ, ಅಭ್ಯಾಸಬಲದಿಂದ ಒಂದು ಕಂಬಕ್ಕಾಗಿ ಅತ್ತಿತ್ತ ನೋಡಿದ. ವಾರ್ಡಿನಲ್ಲಿ ಕಂಬ ಇರಲಿಲ್ಲ. ಅವಳ ಮುಖವನ್ನೇ ನೋಡಿದ.

“ಡ್ಯೂಟಿಗಿ ಎಂದ ಹಾಜರ ಆಗಬೇಕವಾ?”

“ಸೋಮವಾರದಿಂದ್ರಿ, ಭಾವಾರ.”

ಅಣ್ಣ ತಲೆಯಾಡಿಸಿದ. ಚಪ್ಪಲಿ ಮೆಟ್ಟಿಕೊಳ್ಳುತ್ತ, ಅಷ್ಟು ದೊಡ್ಡ ಮಾತನ್ನು ಹೊಲದ ಕೆಲಸ ಹೇಳುವ ಧ್ವನಿಯಲ್ಲಿಯೇ ಹೇಳಿದ:

“ರೊಟ್ಟಿ ಬಡಿಯಾಕ ಊರಾಗ ಒಬ್ಬಾಕಿನ್ನ ಹಚ್ಚತೇನಿ. ಸೋಮಾರದಿಂದ ನಿನ್ನ ಬುತ್ತಿನೂ ಮುಂಜಾನಿ ಬಸ್ಸಿಗಿ ಬರತೈತಿ. ನೀ ಒಲಿ ಹಚ್ಚಬ್ಯಾಡ.”